ಹುಳುಕು ಹಲ್ಲಿನ ನೋವನ್ನು ನಾನು ಮನೆಯಲ್ಲಿ ನಿಭಾಯಿಸಿದ ಬಗೆ

ಕೆಳದವಡೆಯ ಕೊನೆಯಲ್ಲಿ ಹುಳುಕು ಹಿಡಿದಿದ್ದ ನನ್ನ ಹಲ್ಲು ಶನಿವಾರ ರಾತ್ರಿ ಸಿಡಿಯೋಕೆ ಶುರುವಾಯಿತು. ನಮ್ಮ ಊರಲ್ಲಿ ಭಾನುವಾರ ಹಲ್ಲಿನ ಡಾಕ್ಟರ್ ಸಿಗುವುದಿಲ್ಲ. ಹಾಗಾಗಿ ಸೋಮವಾರದವರೆಗೆ ಲವಂಗ, ಉಪ್ಪುನೀರು ಹಿಡಿದುಕೊಂಡೇ ಕಳೆದೆ. ಅವು ನನಗೆ ನಿಜಕ್ಕೂ ಕೆಲಸ ಮಾಡಿದವು. ಆದರೆ ಏನು ಕೆಲಸ ಮಾಡಿದವು, ಎಲ್ಲಿಯವರೆಗೆ ಅನ್ನೋದನ್ನು ಸರಿಯಾಗಿ ಹೇಳಬೇಕು.

ಮೊದಲು ಮಾಡಿದ್ದು ಬಾಯಿ ತೊಳೆಯುವುದು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ, ನೋವಿರೋ ಕಡೆ ಅರ್ಧ ನಿಮಿಷ ನಿಲ್ಲಿಸಿ ಉಗುಳಿದೆ. ತೂತಿನಲ್ಲಿ ಅನ್ನದ ಅಗುಳೋ, ಚಪಾತಿ ಚೂರೋ ಸಿಕ್ಕಿಕೊಂಡಿದ್ದರೆ ಅದೊಂದೇ ನೋವನ್ನು ಹೆಚ್ಚಿಸಬಲ್ಲದು. ಹಲ್ಲಿನ ಸಂದಿಯಲ್ಲಿ ಇದ್ದದ್ದನ್ನು ಹಲ್ಲಿನ ದಾರದಿಂದ ಮೆಲ್ಲಗೆ ತೆಗೆದೆ. ಪಿನ್ನು, ಬೆಂಕಿಕಡ್ಡಿ ಹಾಕಿ ಕೆದಕಬೇಡಿ.

ಆಮೇಲೆ ಲವಂಗದ ಎಣ್ಣೆ. ಇದನ್ನು ಹಾಗೇ ಸುರಿದರೆ ವಸಡು ಸುಡುತ್ತದೆ. ನಾನು ನಾಲ್ಕೈದು ಹನಿ ಕೊಬ್ಬರಿ ಎಣ್ಣೆಗೆ ಒಂದು ಹನಿ ಲವಂಗದ ಎಣ್ಣೆ ಬೆರೆಸಿದೆ. ಹತ್ತಿಯನ್ನು ಕಾಳುಮೆಣಸಿನ ಗಾತ್ರಕ್ಕೆ ಉಂಡೆ ಮಾಡಿ, ಅದ್ದಿ, ಚೆನ್ನಾಗಿ ಹಿಂಡಿದೆ. ಕನ್ನಡಿ ಮುಂದೆ ನಿಂತು, ಚಿಮುಟದಲ್ಲಿ ಹಿಡಿದು ತೂತಿನೊಳಗೆ ಮಾತ್ರ ಇಟ್ಟೆ. ಮೊದಲು ಚುರ್ ಅಂತು. ಬಾಯಿ ತುಂಬ ಜೊಲ್ಲು ಬಂತು, ಅದನ್ನು ನುಂಗದೆ ಉಗುಳಿದೆ. ಸ್ವಲ್ಪ ಹೊತ್ತಿಗೆ ಆ ಜಾಗ ಜೋಮು ಹಿಡಿದಂತಾಯಿತು. ಹತ್ತು ನಿಮಿಷದ ಮೇಲೆ ಹತ್ತಿ ತೆಗೆದುಬಿಟ್ಟೆ.

ಈ ಜೋಮು ಬರೋದು ಲವಂಗದಲ್ಲಿರುವ ಯುಜೆನಾಲ್‌ನಿಂದ. ಹಲ್ಲಿನ ಕ್ಲಿನಿಕ್ ಒಳಗೆ ಕಾಲಿಟ್ಟ ತಕ್ಷಣ ಲವಂಗದ ವಾಸನೆ ಬರುತ್ತದೆ, ಅಲ್ವಾ? ಡಾಕ್ಟರುಗಳು ಜಿಂಕ್ ಆಕ್ಸೈಡ್ ಪುಡಿಗೆ ಇದೇ ಯುಜೆನಾಲ್ ಕಲಸಿ ತಾತ್ಕಾಲಿಕವಾಗಿ ಹಲ್ಲು ತುಂಬುತ್ತಾರೆ. ಎಣ್ಣೆ ಇಲ್ಲದಿದ್ದರೆ ಒಂದು ಲವಂಗವನ್ನು ಹಲ್ಲಿನ ಪಕ್ಕ ಇಟ್ಟು ಮೆಲ್ಲಗೆ ಕಚ್ಚಿ ಹಿಡಿದರೂ ಸ್ವಲ್ಪ ಆರಾಮ ಸಿಗುತ್ತದೆ. ಚಿಕ್ಕ ಮಕ್ಕಳಿಗೆ ಮಾತ್ರ ಈ ಎಣ್ಣೆ ಬೇಡವೇ ಬೇಡ. ಹೊಟ್ಟೆಗೆ ಹೋದರೆ ಲಿವರ್‌ಗೆ ಪೆಟ್ಟು.

ಮಲಗಿದರೆ ತಲೆಗೆ ರಕ್ತದ ಒತ್ತಡ ಜಾಸ್ತಿಯಾಗಿ ಹಲ್ಲು ಇನ್ನೂ ಜೋರಾಗಿ ಮಿಡಿಯುತ್ತದೆ. ಎರಡು ದಿಂಬು ಹಾಕಿಕೊಂಡು ಮಲಗಿದೆ. ಕೆನ್ನೆಯ ಹೊರಗೆ, ಬಟ್ಟೆಯಲ್ಲಿ ಸುತ್ತಿದ ಐಸು ಒತ್ತಿ ಹಿಡಿದೆ. ಬಿಸಿ ಶಾಖ ಕೊಡಲಿಲ್ಲ. ಕೀವು ತುಂಬಿದ್ದರೆ ಬಿಸಿಯಿಂದ ಊತ ಹೆಚ್ಚಾಗಬಹುದು.

ಸಲಹೆಗಳಿಗಂತೂ ಬರ ಇರಲಿಲ್ಲ. "ಸ್ವಲ್ಪ ಹೊಗೆಸೊಪ್ಪು ಇಟ್ಕೊಳಮ್ಮ, ನೋವು ಗೊತ್ತೇ ಆಗಲ್ಲ" ಅಂದರು ಪಕ್ಕದ ಮನೆಯ ಅಜ್ಜಿ. ಅವರ ಕಾಳಜಿ ದೊಡ್ಡದು. ಆದರೆ ಹಲ್ಲುನೋವಿಗೆಂದು ಶುರುವಾದ ಹೊಗೆಸೊಪ್ಪು, ಕಡ್ಡಿಪುಡಿ ಚಟವಾಗಿ ಬಾಯಿ ಕ್ಯಾನ್ಸರ್‌ವರೆಗೆ ಒಯ್ಯಬಹುದು. ಹೊಗೆಸೊಪ್ಪು ಇಟ್ಟುಕೊಳ್ಳಿ ಅಂತ ಯಾರೇ ಹೇಳಿದರೂ ಒಪ್ಪಬೇಡಿ. ನೆಲಗುಳ್ಳದ ಬೀಜದ ಹೊಗೆ ಕೊಟ್ಟರೆ ಹುಳ ಬೀಳುತ್ತದೆ ಅನ್ನುವವರೂ ಇದ್ದಾರೆ. ಹಲ್ಲಿನೊಳಗೆ ಹುಳ ಇರುವುದಿಲ್ಲ. ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಜಜ್ಜಿದ ಬೆಳ್ಳುಳ್ಳಿ ಕಟ್ಟುವುದು, ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕ ಇಡುವುದು, ಎರಡೂ ವಸಡನ್ನು ಸುಡುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ನೋವು ಏನು ಹೇಳುತ್ತಿದೆ ಅನ್ನುವುದು. ತಣ್ಣೀರು, ಸಿಹಿ ತಾಗಿದಾಗ ಜುಮ್ ಅಂದು ಕೆಲವೇ ಸೆಕೆಂಡಿನಲ್ಲಿ ಹೋದರೆ ಹಲ್ಲಿನ ಒಳಗಿನ ನರ ಇನ್ನೂ ಚೆನ್ನಾಗಿರುವ ಸಾಧ್ಯತೆ ಹೆಚ್ಚು, ಫಿಲ್ಲಿಂಗ್ ಸಾಕಾಗಬಹುದು. ಬಿಸಿ ಕಾಫಿ ಕುಡಿದ ಮೇಲೂ ನಿಮಿಷಗಟ್ಟಲೆ ನೋವು ನಿಲ್ಲದಿದ್ದರೆ, ತಾನಾಗಿಯೇ ರಾತ್ರಿ ಎಬ್ಬಿಸಿದರೆ, ನರಕ್ಕೆ ಸೋಂಕು ತಲುಪಿರುವ ಸಾಧ್ಯತೆ ಹೆಚ್ಚು. ನನ್ನದು ಈ ಎರಡನೆಯದು, ಕೆಟ್ಟ ನರವನ್ನು ತೆಗೆದು ಹಲ್ಲು ತುಂಬುವ ರೂಟ್ ಕೆನಾಲ್ ಆಯಿತು. ಭಾನುವಾರ ಸಂಜೆ ನೋವು ಹೆಚ್ಚುಕಡಿಮೆ ಮಾಯವಾಗಿತ್ತು. ಆದರೂ ಸೋಮವಾರ ಹೋದೆ. ನರ ಸತ್ತಾಗಲೂ ನೋವು ನಿಲ್ಲುತ್ತದೆ, ಸೋಂಕು ಮಾತ್ರ ಬೇರಿನ ತುದಿಯಲ್ಲಿ ಬೆಳೆಯುತ್ತಲೇ ಇರುತ್ತದೆ. ಕೆನ್ನೆ ಅಥವಾ ದವಡೆ ಕೆಳಗೆ ಊತ, ಜ್ವರ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟ, ಇವುಗಳಲ್ಲಿ ಒಂದು ಬಂದರೂ ಸೋಮವಾರಕ್ಕೆ ಕಾಯುವಂತಿಲ್ಲ. ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು.

ತೂತು ಬಿದ್ದ ಹಲ್ಲು ಯಾವ ಎಣ್ಣೆಗೂ, ಸೊಪ್ಪಿಗೂ ಮುಚ್ಚಿಕೊಳ್ಳುವುದಿಲ್ಲ. ತೂತಾಗುವ ಮುಂಚೆ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ ಕಾಣುತ್ತದಲ್ಲ, ಅದನ್ನು ಮಾತ್ರ ಮನೆಯಲ್ಲೇ ತಡೆಯಬಹುದು. ಡಾಕ್ಟರ್ ನನ್ನ ಇನ್ನೊಂದು ಹಲ್ಲಿನಲ್ಲಿ ಅಂಥ ಮಚ್ಚೆ ತೋರಿಸಿದರು. ಅವತ್ತಿನಿಂದ ಗುಟುಕು ಗುಟುಕಾಗಿ ಬೆಳಗೆಲ್ಲ ಸಿಹಿ ಕಾಫಿ ಕುಡಿಯುವುದನ್ನು ಬಿಟ್ಟೆ. ಎಷ್ಟು ಸಕ್ಕರೆ ಅನ್ನೋದರ ಜೊತೆಗೆ ಎಷ್ಟು ಸಲ ಅನ್ನೋದೂ ಹಲ್ಲಿಗೆ ಮುಖ್ಯ. ರಾತ್ರಿ ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜಿ, ನೊರೆ ಉಗುಳಿ, ನೀರಲ್ಲಿ ಮುಕ್ಕಳಿಸದೆ ಹಾಗೇ ಮಲಗುತ್ತೇನೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೆಲವು ಕೊಳವೆಬಾವಿಗಳ ನೀರಲ್ಲೇ ಫ್ಲೋರೈಡ್ ಜಾಸ್ತಿ ಇದೆ, ಮಿತಿಮೀರಿದರೆ ಅದೇ ಹಲ್ಲಿಗೆ ಕೆಡುಕು. ಅಲ್ಲಿನವರು ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ, ಮಕ್ಕಳ ಪೇಸ್ಟ್ ಬಗ್ಗೆ ಹಲ್ಲಿನ ಡಾಕ್ಟರನ್ನು ಕೇಳುವುದು ಒಳ್ಳೆಯದು. ಬೇರೆ ಕಡೆ ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಪೇಸ್ಟ್, ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು ಸಾಕು.