ಕಲಬುರಗಿಯ ಮಗುವನ್ನು ಐಸ್ ಹಾಕಿಗೆ ಸಿದ್ಧಗೊಳಿಸುವುದು ಹೇಗೆ

ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ಮುಟ್ಟುವ ಕಲಬುರಗಿಯಲ್ಲಿ ಒಂದು ಮಗು ‘ಅಪ್ಪಾ, ನಾ ಐಸ್ ಹಾಕಿ ಆಡತೀನಿ’ ಎಂದರೆ ಮನೆಯವರು ಅದನ್ನು ಎರಡು ದಿನದ ಹಂಬಲವೆಂದು ತಳ್ಳಿಹಾಕುವುದೇ ಹೆಚ್ಚು. ನನ್ನ ಮಗಳು ಒಂಬತ್ತನೆಯ ವಯಸ್ಸಿನಲ್ಲಿ ಹೀಗೆ ಕೇಳಿದಳು, ಈಗ ಅವಳಿಗೆ ಹದಿನಾಲ್ಕು. ಈ ಐದು ವರ್ಷಗಳಲ್ಲಿ ಯಾವುದನ್ನು ಮೊದಲು ಮಾಡಬೇಕು, ಯಾವುದಕ್ಕೆ ಅವಸರಪಟ್ಟು ದುಡ್ಡು ಹಾಕಬಾರದು ಎಂದು ನಾವು ಕಲಿತದ್ದನ್ನು ಕಲಬುರಗಿ, ಬೀದರ, ಯಾದಗಿರಿಯ ಪಾಲಕರಿಗಾಗಿ ಬರೆಯುತ್ತಿದ್ದೇನೆ. ಈ ಆಟಕ್ಕೆ ಬೇಕಾದ ಕಾಲನ್ನು ನಮ್ಮೂರಲ್ಲೇ, ಚಕ್ರದ ಸ್ಕೇಟಿನ ಮೇಲೆ ತಯಾರು ಮಾಡಬಹುದು. ಮಂಜುಗಡ್ಡೆಯನ್ನು ಹುಡುಕಿಕೊಂಡು ಹೋಗುವುದು ಅದರ ನಂತರದ ಕೆಲಸ.

ಸ್ಕೇಟ್ ಕೊಳ್ಳುವ ಮೊದಲು ವೃತ್ತಿಪರ ಆಟಗಾರರ ಬದುಕು ಹೇಗಿರುತ್ತದೆ ಎಂಬುದನ್ನು ಮಗುವಿನ ಜೊತೆ ಕೂತು ತಿಳಿದುಕೊಳ್ಳಿ. ಪಂದ್ಯವು 20 ನಿಮಿಷಗಳ ಮೂರು ಅವಧಿಗಳಲ್ಲಿ ನಡೆಯುತ್ತದೆ, ಗೋಲ್‌ಕೀಪರ್ ಸೇರಿ ಒಂದು ಕಡೆಗೆ ಆರು ಜನ ಆಡುತ್ತಾರೆ. ಗೋಲ್‌ಕೀಪರ್ ಬಿಟ್ಟು ಉಳಿದವರು ಸುಮಾರು ಮುಕ್ಕಾಲು ನಿಮಿಷ ಮೈಯ ಕಸುವನ್ನೆಲ್ಲ ಹಾಕಿ ಆಡಿ ಬೆಂಚಿಗೆ ಮರಳುತ್ತಾರೆ. ಆಟ ನಡೆಯುತ್ತಿರುವಾಗಲೇ ಅವರ ಜಾಗಕ್ಕೆ ಬೇರೆಯವರು ಇಳಿಯುತ್ತಾರೆ. ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ 32 ತಂಡಗಳಿದ್ದು, ಪ್ರತಿಯೊಂದು ತಂಡವೂ ಒಂದು ಋತುವಿನಲ್ಲಿ 80ಕ್ಕೂ ಹೆಚ್ಚು ಪಂದ್ಯಗಳನ್ನು ಊರೂರು ಸುತ್ತಿ ಆಡುತ್ತದೆ, ಮತ್ತು ಅಷ್ಟೆಲ್ಲ ಆದ ಮೇಲೆ ಸ್ಟ್ಯಾನ್ಲಿ ಕಪ್ ಎತ್ತಬೇಕೆಂದರೆ ಇನ್ನೂ 16 ಪಂದ್ಯಗಳನ್ನು ಗೆಲ್ಲಬೇಕು. ಕೆನಡಾದ ಹುಡುಗ 16ರ ಸುಮಾರಿಗೆ ಮನೆ ಬಿಟ್ಟು ಜೂನಿಯರ್ ಲೀಗ್ ಸೇರುತ್ತಾನೆ, ಪರ ಊರಿನಲ್ಲಿ ಬೇರೆಯವರ ಮನೆಯಲ್ಲಿದ್ದು ಶಾಲೆಗೂ ಅಭ್ಯಾಸಕ್ಕೂ ಹೋಗುತ್ತಾನೆ, 18ಕ್ಕೆ ಡ್ರಾಫ್ಟ್ ಎಂಬ ಆಯ್ಕೆಗೆ ನಿಲ್ಲುತ್ತಾನೆ. ಆಯ್ಕೆಯಾದವರಲ್ಲೂ ಬಹಳ ಮಂದಿ ಎಎಚ್‌ಎಲ್ ಎಂಬ ಕೆಳಗಿನ ಹಂತದಲ್ಲಿ ವರ್ಷಗಟ್ಟಲೆ ಕಾಯುತ್ತಾರೆ, ಎಷ್ಟೋ ಜನ ಅಲ್ಲಿಂದ ಮೇಲೇರುವುದೇ ಇಲ್ಲ.

ಕೆನಡಾದ ಹೆಸರಾಂತ ಆಟಗಾರ ವೇಯ್ನ್ ಗ್ರೆಟ್ಸ್ಕಿಯ ತಂದೆ ಮನೆಯ ಹಿತ್ತಲಿಗೆ ನೀರು ಹಾಯಿಸಿ, ಅದು ಹೆಪ್ಪುಗಟ್ಟಿದ ಮೇಲೆ ಮಗನಿಗೆ ಅಲ್ಲೇ ಆಟ ಕಲಿಸಿದರು. ಆ ಮಗ 1999ರಲ್ಲಿ 38ನೆಯ ವಯಸ್ಸಿಗೆ ನಿವೃತ್ತನಾಗುವ ಹೊತ್ತಿಗೆ ಎನ್‌ಎಚ್‌ಎಲ್‌ನಲ್ಲಿ 894 ಗೋಲು ಹೊಡೆದಿದ್ದ. ಆ ದಾಖಲೆಯನ್ನು ಅಲೆಕ್ಸಾಂಡರ್ ಒವೆಚ್ಕಿನ್ ಮುರಿದದ್ದು 2025ರ ಏಪ್ರಿಲ್‌ನಲ್ಲಿ. ಭಾರತೀಯ ಮೂಲದವರಲ್ಲಿ ಮೊದಲು ಎನ್‌ಎಚ್‌ಎಲ್ ತಲುಪಿದವರು ರಾಬಿನ್ ಬಾವಾ; ಅವರು 1989ರಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್ ಪರ ಆಡಿದರು, ಆದರೆ ಹುಟ್ಟಿ ಬೆಳೆದದ್ದು ಕೆನಡಾದಲ್ಲಿ. ಇದನ್ನೆಲ್ಲ ಮಗಳಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಅವ್ರು ಬಿದ್ದಾಗ ಅಷ್ಟು ಲಗೂ ಹ್ಯಾಂಗ ಏಳತಾರಪ್ಪಾ?’ ಅವಳ ಮನಸ್ಸು ಆಟದಲ್ಲಿದೆ ಎಂದು ನನಗೆ ಖಾತ್ರಿಯಾದದ್ದು ಆಗ.

ಭಾರತದಲ್ಲಿ ವರ್ಷಪೂರ್ತಿ ಸಂಬಳ ಕೊಟ್ಟು ಆಡಿಸುವ ಲೀಗ್ ಇಲ್ಲ. ಇಲ್ಲಿ ಈ ಆಟದ ತವರು ಲಡಾಖ್. ಚಳಿಗಾಲದ ಎರಡು ತಿಂಗಳ ನೈಸರ್ಗಿಕ ಮಂಜಿನ ಮೇಲೆ ಅಲ್ಲಿನ ಆಟ ಬೆಳೆದಿದೆ, ಮತ್ತು ಸೇನೆ ಹಾಗೂ ಐಟಿಬಿಪಿ (ಇಂಡೋ-ಟಿಬೆಟನ್ ಗಡಿ ಪೊಲೀಸ್) ತಂಡಗಳು ಆಟಗಾರರಿಗೆ ನೌಕರಿಯ ಆಸರೆ ಕೊಟ್ಟಿವೆ. ರಾಷ್ಟ್ರೀಯ ಸಂಸ್ಥೆಯಾದ ಐಸ್ ಹಾಕಿ ಅಸೋಸಿಯೇಷನ್ ಆಫ್ ಇಂಡಿಯಾ 1989ರಿಂದ ಅಂತರರಾಷ್ಟ್ರೀಯ ಒಕ್ಕೂಟದ ಸದಸ್ಯನಾಗಿದೆ. ನಮ್ಮ ಮಹಿಳೆಯರ ತಂಡ 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು. ಹೆಣ್ಣುಮಕ್ಕಳ ಪಾಲಕರಿಗೆ ಈ ಸುದ್ದಿಯನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಆಡುವವರ ಸಂಖ್ಯೆ ಇನ್ನೂ ಕಡಿಮೆಯಿರುವ ಕಡೆ ಶ್ರಮಪಟ್ಟ ಹುಡುಗಿಗೆ ಜಾಗ ಸಿಗುವ ಸಾಧ್ಯತೆ ಹೆಚ್ಚು.

ಇನ್ನು ಚಕ್ರದ ವಿಷಯ. ನಾಲ್ಕು ಚಕ್ರಗಳು ಎರಡು ಸಾಲಿನಲ್ಲಿರುವ ಹಳೆಯ ಕ್ವಾಡ್ ಸ್ಕೇಟಿನಲ್ಲಿ ಮಗು ನಿಲ್ಲಲು ಕಲಿತರೂ ಅಡ್ಡಿಯಿಲ್ಲ, ಆದರೆ ಐಸ್ ಹಾಕಿಯ ಗುರಿಯಿದ್ದರೆ ಚಕ್ರಗಳು ಒಂದೇ ಸಾಲಿನಲ್ಲಿರುವ ಇನ್‌ಲೈನ್ ಸ್ಕೇಟಿಗೆ ಬೇಗ ಬದಲಾಯಿಸಿ. ಐಸ್ ಸ್ಕೇಟಿನ ಉಕ್ಕಿನ ಅಲಗಿನ ಮೇಲೆ ನಿಲ್ಲುವ ಸಮತೋಲಕ್ಕೆ ಅದೇ ಹತ್ತಿರ. ಅಳತೆಯಲ್ಲಿ ಮಾತ್ರ ಉಳಿತಾಯ ನೋಡಬೇಡಿ. ಬೆಳೆಯುವ ಮಗುವೆಂದು ನಾನು ಎರಡು ನಂಬರು ದೊಡ್ಡದನ್ನು ಕೊಂಡೆ, ಅಂಗಡಿಯವರೂ ಅದನ್ನೇ ಹೇಳಿದ್ದರು. ಮೂರನೆಯ ವಾರ ತಿರುವಿನಲ್ಲಿ ಹಿಮ್ಮಡಿ ಬೂಟಿನೊಳಗೇ ಜಾರಿ ಅವಳು ಮಗ್ಗುಲಿಗೆ ಬಿದ್ದಳು, ಎಡ ಮಣಿಕಟ್ಟಿನ ಎಲುಬು ಬಿರುಕುಬಿಟ್ಟಿತು, ಐದು ವಾರ ಪ್ಲಾಸ್ಟರ್ ಹಾಕಿಸಬೇಕಾಯಿತು. ಬೂಟು ಹಾಕಿ ನಿಂತಾಗ ಬೆರಳ ತುದಿ ಮುಂಭಾಗಕ್ಕೆ ಸ್ವಲ್ಪ ತಾಗಬೇಕು, ಮೊಣಕಾಲು ಮಡಚಿದೊಡನೆ ಹಿಂದೆ ಸರಿಯಬೇಕು, ಹಿಮ್ಮಡಿ ಮಾತ್ರ ಎಳ್ಳಷ್ಟೂ ಮೇಲೇಳಬಾರದು. ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್, ಮೊಣಕೈ ಮತ್ತು ಮೊಣಕಾಲಿನ ಪ್ಯಾಡ್ ಇಲ್ಲದೆ ಒಂದು ದಿನವೂ ಇಳಿಸಬೇಡಿ.

ನಮ್ಮ ಎರೆಮಣ್ಣಿನ ಧೂಳು ಬೇರಿಂಗುಗಳ ಶತ್ರು. ಚಕ್ರವನ್ನು ಕೈಯಿಂದ ತಿರುಗಿಸಿದಾಗ ಗರಗರ ಸದ್ದು ಬಂದರೆ ಬೇರಿಂಗನ್ನು ತೆಗೆದು ಸಣ್ಣ ಡಬ್ಬಿಯಲ್ಲಿ ಸೀಮೆಎಣ್ಣೆ ಹಾಕಿ ಅಲುಗಿಸಿ. ತಳದಲ್ಲಿ ಕಪ್ಪು ಕೆಸರು ಕೂಡುವುದು ಕಣ್ಣಿಗೇ ಕಾಣುತ್ತದೆ. ಎರಡನೆಯ ಸಲ ಸೀಮೆಎಣ್ಣೆ ತಿಳಿಯಾಗಿ ಉಳಿದರೆ ಹಳೆಯ ಅರಿವೆಯ ಮೇಲೆ ನೆರಳಲ್ಲಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದೊಂದೇ ಹನಿ ಬಿಡಿ. ಈ ಕೆಲಸವನ್ನು ದೊಡ್ಡವರು ಒಲೆಯಿಂದ ದೂರ ಕೂತು ಮಾಡಬೇಕು. ನೀರಿನಿಂದ ತೊಳೆದರೆ ಬೇರಿಂಗು ತುಕ್ಕು ಹಿಡಿಯುತ್ತದೆ.

ಅಭ್ಯಾಸಕ್ಕೆ ನುಣುಪಾದ ಸಿಮೆಂಟ್ ಅಂಗಳ ಸಾಕು. ಬೇಸಿಗೆಯಲ್ಲಿ ಬೆಳಿಗ್ಗೆ ಐದೂವರೆಗೆ ಶುರುಮಾಡಿ ಏಳೂವರೆಯೊಳಗೆ ಮುಗಿಸಬೇಕು, ನಡುನಡುವೆ ನೀರು, ಮನೆಗೆ ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಕೊಡಬೇಕು. ಮೊದಲು ಬೀಳುವುದನ್ನು ಮತ್ತು ಏಳುವುದನ್ನು ಕಲಿಸಿ: ಮೊಣಕಾಲ ಮೇಲೆ ಕುಸಿದು ಪ್ಯಾಡಿನ ಮೇಲೆ ಜಾರುವುದು, ಒಂದು ಕಾಲನ್ನು ಮುಂದಿಟ್ಟು ಆ ತೊಡೆಯ ಮೇಲೆ ಕೈಯೂರಿ ಏಳುವುದು. ನಿಲುವನ್ನು ನೋಡಲು ಸುಲಭದ ಗುರುತೊಂದಿದೆ: ಮಗು ಕೆಳಗೆ ನೋಡಿದಾಗ ಅದರ ಮೊಣಕಾಲು ಬೂಟಿನ ತುದಿಯನ್ನು ಮರೆಮಾಡಬೇಕು. ಹಾಗೆ ಮರೆಯಾಗದಿದ್ದರೆ ಮಗು ನೆಟ್ಟಗೆ ನಿಂತಿದೆ ಎಂದರ್ಥ, ಅಂಥ ನಿಲುವಿನಲ್ಲಿ ಯಾರು ಸ್ವಲ್ಪ ತಾಗಿದರೂ ಬೀಳುತ್ತದೆ. ಆಮೇಲೆ ಒಂಟಿ ಕಾಲಿನಲ್ಲಿ ಜಾರುವುದು, ತಿರುವಿನಲ್ಲಿ ಕಾಲ ಮೇಲೆ ಕಾಲು ದಾಟಿಸುವುದು, ಹಿಮ್ಮುಖವಾಗಿ ಓಡುವುದು, ಇವು ಎರಡೂ ಬದಿಗೆ ಸಮನಾಗಿ ಬರುವವರೆಗೆ ಕೋಲು ಕೊಡಬೇಡಿ. ನಾವು ಇದಕ್ಕೆ ಒಂದೂವರೆ ವರ್ಷ ತೆಗೆದುಕೊಂಡೆವು. ಅದರಲ್ಲಿ ಒಂದು ದಿನವೂ ಹೆಚ್ಚಾಯಿತೆಂದು ನನಗೆ ಅನಿಸಿಲ್ಲ.

ಕೋಲಿನ ಅಭ್ಯಾಸಕ್ಕೆ ನಮ್ಮ ಭಾಗದವರಿಗೆ ಇರುವ ಅನುಕೂಲ ಬೇರೆ ಕಡೆ ಅಪರೂಪ. ಹಳೆಯ ಮನೆಗಳ ಪಡಸಾಲೆಯಲ್ಲಿ ಹಾಸಿದ ಶಹಾಬಾದ ಫರಸಿ ವರ್ಷಗಳ ತುಳಿತಕ್ಕೆ ಎಷ್ಟು ನುಣುಪಾಗಿರುತ್ತದೆಂದರೆ ಗಟ್ಟಿ ಚೆಂಡು ಅದರ ಮೇಲೆ ಪುಟಿಯದೆ ಜಾರುತ್ತದೆ. ನನ್ನ ಮಗಳು ಪ್ರತಿ ಸಂಜೆ ಬರಿಗಾಲಲ್ಲಿ ನಿಂತು, ಒಂದು ಕಟ್ಟಿಗೆಯ ಚೆಂಡನ್ನು ಕೋಲಿನ ಎರಡೂ ಮುಖಗಳಿಂದ ಅತ್ತಿತ್ತ ಸರಿಸುತ್ತ, ಕಣ್ಣನ್ನು ಮಾತ್ರ ಗೋಡೆಯ ಕ್ಯಾಲೆಂಡರಿನ ಮೇಲಿಟ್ಟು ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾಳೆ; ತಲೆ ಎತ್ತಿ ಆಡುವ ರೂಢಿ ಹೀಗೆಯೇ ಬರುತ್ತದೆ. ಐಸ್ ಹಾಕಿಯಲ್ಲಿ ಚೆಂಡಿನ ಬದಲು ಇರುವ ನಿಜವಾದ ಪಕ್ 2.54 ಸೆಂಟಿಮೀಟರ್ ದಪ್ಪದ, 156ರಿಂದ 170 ಗ್ರಾಂ ತೂಗುವ ರಬ್ಬರಿನ ಬಿಲ್ಲೆ, ಪುಟಿಯಬಾರದೆಂದು ಪಂದ್ಯಕ್ಕೆ ಮೊದಲು ಅದನ್ನು ಹೆಪ್ಪುಗಟ್ಟುವಷ್ಟು ತಣ್ಣಗೆ ಇಡುತ್ತಾರೆ. ಕೋಲಿನ ಉದ್ದ ಬರಿಗಾಲಲ್ಲಿ ಮೂಗಿನವರೆಗೆ, ಸ್ಕೇಟ್ ಹಾಕಿದಾಗ ಗದ್ದದವರೆಗೆ ಬಂದರೆ ಸರಿ. ಮೈದಾನದ ಹಾಕಿಯ ಕೋಲು ಬಲಗೈಯ ಪದ್ಧತಿಗೆ ಮಾತ್ರ ಇರುತ್ತದೆ; ಐಸ್ ಹಾಕಿಯಲ್ಲಿ ಎಡ ಮತ್ತು ಬಲ ಎರಡೂ ಸಿಗುವುದರಿಂದ ಮಗು ತಾನಾಗಿ ಹಿಡಿಯುವ ಬದಿಯನ್ನು ನೋಡಿ ಕೊಳ್ಳಿ.

ಮೈಯ ಬಲಕ್ಕೆ ತಾಲೀಮಿನ ಬಸ್ಕಿ ಸಾಕಷ್ಟಾಗುತ್ತದೆ, ಸ್ಕೇಟಿಂಗಿಗೆ ಬೇಕಾದ ತೊಡೆ ಅದರಿಂದಲೇ ಗಟ್ಟಿಯಾಗುತ್ತದೆ. ದೂರದ ಓಟಕ್ಕಿಂತ 45 ಸೆಕೆಂಡು ಜೋರಾಗಿ ಓಡಿ ಎರಡು ನಿಮಿಷ ನಿಲ್ಲುವುದನ್ನು ಆರೇಳು ಸಲ ಮಾಡಿಸಿ. ಪಂದ್ಯದ ಏರಿಳಿತ ಹೀಗೆಯೇ ಇರುತ್ತದೆ. ಊಟಕ್ಕೆ ಜೋಳದ ರೊಟ್ಟಿ, ತೊಗರಿ ಬೇಳೆ, ಶೇಂಗಾ ಹಿಂಡಿ, ಮೊಸರು ಇವೆ, ಡಬ್ಬಿಯ ಪುಡಿಗಳ ಹಿಂದೆ ಹೋಗುವ ಅಗತ್ಯ ನನಗೆ ಕಂಡಿಲ್ಲ.

ಚಕ್ರದ ಮೇಲೆ ಎರಡು ಮೂರು ವರ್ಷ ಕಳೆದ ಮೇಲೆ ಮಂಜುಗಡ್ಡೆಗೆ ಕರೆದೊಯ್ಯಿರಿ. ನಾವು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ ಹೋಗಿ, ಗುರುಗ್ರಾಮದ ಒಂದು ಒಳಾಂಗಣ ರಿಂಕಿನಲ್ಲಿ, ಅಂದರೆ ಮಂಜುಗಡ್ಡೆಯ ಅಂಗಳದಲ್ಲಿ, ನಾಲ್ಕು ದಿನ ಅಭ್ಯಾಸ ಮಾಡಿಸಿದೆವು. ದೆಹರಾಡೂನಿನಲ್ಲಿ 2011ರ ಕ್ರೀಡಾಕೂಟಕ್ಕೆ ಕಟ್ಟಿ ಆಮೇಲೆ ವರ್ಷಗಟ್ಟಲೆ ಮುಚ್ಚಿದ್ದ ರಿಂಕ್ ಕೂಡ 2025ರಲ್ಲಿ ಮತ್ತೆ ತೆರೆದಿದೆ. ಮೊದಲ ದಿನ ಮಗು ಚೆನ್ನಾಗಿ ಓಡುತ್ತದೆ, ನಿಲ್ಲಲು ಬರುವುದಿಲ್ಲ, ಇದಕ್ಕೆ ಗಾಬರಿಯಾಗಬೇಡಿ. ಅಲಗಿನ ತಳದಲ್ಲಿ ನಡುವೆ ಸಣ್ಣ ತೋಡು, ಇಕ್ಕೆಲಗಳಲ್ಲಿ ಎರಡು ಅಂಚು ಇರುತ್ತವೆ, ಎರಡೂ ಕಾಲುಗಳನ್ನು ಅಡ್ಡ ತಿರುಗಿಸಿ ಆ ಅಂಚುಗಳಿಂದ ಮಂಜನ್ನು ಕೆರೆದು ನಿಲ್ಲಬೇಕು. ಚಕ್ರದಲ್ಲಿ ಇದನ್ನು ಮಾಡಲಾಗದ ಕಾರಣ ಮೊದಲ ಎರಡು ದಿನವನ್ನು ಪೂರ್ತಿ ಇದಕ್ಕೇ ಮೀಸಲಿಡಿ. 2023ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಡಮ್ ಜಾನ್ಸನ್ ಎಂಬ ಆಟಗಾರ ಕೊರಳಿಗೆ ಅಲಗು ತಾಗಿ ತೀರಿಕೊಂಡ ಮೇಲೆ ಅಂತರರಾಷ್ಟ್ರೀಯ ಒಕ್ಕೂಟ ತನ್ನ ಪಂದ್ಯಗಳಲ್ಲಿ ಕುತ್ತಿಗೆಯ ಗಾರ್ಡನ್ನು ಕಡ್ಡಾಯಗೊಳಿಸಿತು. ಬೇರೆ ಯಾವುದನ್ನು ಬಾಡಿಗೆಗೆ ತಂದರೂ ಇದನ್ನು ಸ್ವಂತಕ್ಕೆ ಕೊಳ್ಳಿ.

ಲೇಹ್‌ಗೆ ಹೋಗುವುದಾದರೆ ಜನವರಿಯೇ ಸರಿಯಾದ ಕಾಲ. ಊರು ಸುಮಾರು 3,500 ಮೀಟರ್ ಎತ್ತರದಲ್ಲಿರುವುದರಿಂದ ವಿಮಾನ ಇಳಿದ ಮೊದಲ ಎರಡು ದಿನ ಮಗುವನ್ನು ಓಡಿಸದೆ ವಿಶ್ರಾಂತಿಗೆ ಬಿಡಬೇಕು, ತಲೆನೋವು ಅಥವಾ ವಾಂತಿ ಕಂಡರೆ ವೈದ್ಯರಿಗೆ ತೋರಿಸಬೇಕು. ಖೇಲೋ ಇಂಡಿಯಾ ಚಳಿಗಾಲದ ಕೂಟದ ಐಸ್ ಹಾಕಿ ಪಂದ್ಯಗಳು 2024 ಮತ್ತು 2025ರಲ್ಲಿ ಅಲ್ಲಿಯೇ ನಡೆದವು, ಅಂಥ ಪಂದ್ಯವೊಂದನ್ನು ಮಗುವಿಗೆ ಬೇಲಿಯ ಪಕ್ಕದಿಂದ ತೋರಿಸಿದರೆ ತನಗೆ ಎಷ್ಟು ವೇಗ ಬೇಕೆಂಬುದು ಅದಕ್ಕೇ ತಿಳಿಯುತ್ತದೆ. ನಮ್ಮ ಮನೆಯಲ್ಲಿ ಹತ್ತನೆಯ ತರಗತಿ ಮುಗಿಯುವವರೆಗೆ ವರ್ಷಕ್ಕೆ ಒಂದೇ ಮಂಜಿನ ಪ್ರವಾಸ ಎಂದು ಗೊತ್ತುಮಾಡಿಕೊಂಡಿದ್ದೇವೆ. ರಾಷ್ಟ್ರೀಯ ಮಟ್ಟದ ಆಯ್ಕೆಗೆ ನಿಲ್ಲುವ ನಿರ್ಧಾರ ಅದರ ನಂತರದ್ದು, ಅಲ್ಲಿಯವರೆಗೆ ರೋಲರ್ ಸ್ಕೇಟಿಂಗ್ ಸ್ಪರ್ಧೆಗಳಲ್ಲಿರುವ ಇನ್‌ಲೈನ್ ಹಾಕಿಯಲ್ಲಿ ಅವಳು ಪಂದ್ಯದ ಅನುಭವ ಪಡೆಯುತ್ತಾಳೆ.

ಪ್ರತಿ ಸಲ ರಿಂಕಿನಿಂದ ಹೊರಬಂದೊಡನೆ ಅಲಗನ್ನು ಒಣ ಅರಿವೆಯಿಂದ ಮಗುವೇ ಒರೆಸಬೇಕು, ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿಡದೆ ಬಟ್ಟೆಯ ಚೀಲದಲ್ಲಿಡಬೇಕು. ಕವಚದೊಳಗೆ ಕರಗಿ ಉಳಿದ ನೀರು, ರೈಲು ಕಲಬುರಗಿ ಮುಟ್ಟುವುದರೊಳಗೆ ಅಂಚಿಗೆ ತುಕ್ಕು ಹಿಡಿಸಿರುತ್ತದೆ.