ಗೊರೂರು ಹಿನ್ನೀರಿನ ದೋಣಿಗೆ ಸೆಟ್‌ಬ್ಯಾಕ್ ಎಷ್ಟಿಡಬೇಕು?

ಔಟ್‌ಬೋರ್ಡ್ ಮೋಟರನ್ನು ಟ್ರಾನ್ಸಮ್‌ಗೆ, ಅಂದರೆ ದೋಣಿಯ ಹಿಂಬದಿ ಗೋಡೆಗೆ, ನೇರವಾಗಿ ಕಚ್ಚಿಸದೆ ನಡುವೆ ಜ್ಯಾಕ್ ಪ್ಲೇಟ್ ಎಂಬ ಲೋಹದ ಚೌಕಟ್ಟು ಇಟ್ಟು ಹಿಂದಕ್ಕೆ ಸರಿಸಿದಾಗ ಬರುವ ಅಂತರವೇ ಸೆಟ್‌ಬ್ಯಾಕ್. ಹಿಂದೆ ಸರಿಸಿದ ಮಾತ್ರಕ್ಕೆ ವೇಗ ಹೆಚ್ಚುವುದಿಲ್ಲ. ದೋಣಿ ಓಡುವಾಗ ತಳದಡಿಯಿಂದ ಹೊರಬಂದ ನೀರು ಹಿಂದೆ ಹೋದಂತೆ ತುಸು ಮೇಲೇರುತ್ತದೆ. ಆ ಏರಿದ ನೀರಿನಲ್ಲಿ ಮೋಟರನ್ನು ಎತ್ತರಿಸಿ ಕೂರಿಸಬಹುದು, ಎತ್ತರಿಸಿದಷ್ಟೂ ನೀರೊಳಗೆ ಎಳೆದಾಡುವ ಗೇರ್‌ಕೇಸ್ (ಪ್ರೊಪೆಲ್ಲರ್ ಕೂರುವ ಕೆಳಭಾಗ) ಕಡಿಮೆಯಾಗುತ್ತದೆ. ಲಾಭವೆಲ್ಲ ಅಲ್ಲಿಯೇ. ಆರು ಇಂಚು ಹಿಂದೆ ತಳ್ಳಿ ಎತ್ತರವನ್ನು ಹಾಗೇ ಬಿಟ್ಟರೆ ದೋಣಿಯ ಹಿಂಭಾಗ ಕುಸಿಯುವುದಷ್ಟೇ ಲಾಭ!

ವಿಡಿಯೋಗಳಲ್ಲಿ ಕಾಣುವ ಅಮೆರಿಕದ ಬಾಸ್ ಬೋಟ್‌ಗಳು (ಬಾಸ್ ಮೀನು ಹಿಡಿಯುವ ದೋಣಿಗಳು) 18ರಿಂದ 21 ಅಡಿಯವು, ಮೋಟರ್ 150–250 ಎಚ್‌ಪಿ. ಅವುಗಳಿಗೆ 8–12 ಇಂಚು ಸರಿ. ಹಾಸನದ ಕಡೆ ಅದೇ ಮಾದರಿಯಲ್ಲಿ ಮಾಡಿಸಿದ 14–16 ಅಡಿಯ ಫೈಬರ್ ದೋಣಿಗೆ 25–40 ಎಚ್‌ಪಿ ಹಾಕುವವರು ಆ ಅಳತೆ ಹಿಡಿಯಬಾರದು. ಚಪ್ಪಟೆ ತಳವಾದರೆ ನಾನು 4 ಇಂಚು ಇಡುತ್ತೇನೆ. ಸ್ವಲ್ಪ ವಿ ಆಕಾರ ಇದ್ದು, ಮುಂಭಾಗದಲ್ಲಿ ಬ್ಯಾಟರಿ, ಟ್ರೋಲಿಂಗ್ ಮೋಟರ್ (ನಿಧಾನ ಸಾಗಲು ಬಳಸುವ ಸಣ್ಣ ವಿದ್ಯುತ್ ಮೋಟರ್) ಇದ್ದರೆ 6. ಅದಕ್ಕಿಂತ ಮೇಲೆ ಹೋಗುವುದಿಲ್ಲ.

ಯಾಕೆಂದು ಲೆಕ್ಕ ಹಾಕಿ ನೋಡಿ. 75 ಕೆಜಿ ಮೋಟರನ್ನು 6 ಇಂಚು, ಅಂದರೆ 15 ಸೆಂ.ಮೀ. ಹಿಂದೆ ಸರಿಸಿದರೆ ಹೆಚ್ಚುವ ಹೊರಳು ಭಾರ (ತೂಕ × ದೂರ) ಸುಮಾರು 11 ಕೆಜಿ-ಮೀಟರ್. ಜ್ಯಾಕ್ ಪ್ಲೇಟೇ 8 ಕೆಜಿ ತೂಗುತ್ತದೆ ಎನ್ನಿ. ದೋಣಿಯ ಭಾರಕೇಂದ್ರದಿಂದ ಅದು 1.7 ಮೀಟರ್ ಹಿಂದೆ ಕೂತರೆ ಇನ್ನೊಂದು 13–14 ಕೆಜಿ-ಮೀಟರ್. ಎಲ್ಲರೂ ಸೆಟ್‌ಬ್ಯಾಕ್ ಇಂಚಿನ ಬಗ್ಗೆಯೇ ವಾದ ಮಾಡುತ್ತಾರೆ, ಪ್ಲೇಟಿನ ತೂಕ ಅದಕ್ಕಿಂತ ಹೆಚ್ಚು ತೊಂದರೆ ಕೊಡುತ್ತದೆ. ಎರಡೂ ಸೇರಿದ 25ನ್ನು ಸರಿದೂಗಿಸಲು 25 ಕೆಜಿಯ ಬ್ಯಾಟರಿಯನ್ನು ಪೂರಾ ಒಂದು ಮೀಟರ್ ಮುಂದಕ್ಕೆ ಸಾಗಿಸಬೇಕು. ಹಾಗಾಗಿ ಊರಿನ ವೆಲ್ಡಿಂಗ್ ಶಾಪ್‌ನಲ್ಲಿ ಕಬ್ಬಿಣದ ದಪ್ಪ ಪ್ಲೇಟ್ ಮಾಡಿಸುವುದು ಬೇಡ. ಅಲ್ಯೂಮಿನಿಯಂ ಆಗಲಿ. ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಮುಂದೆ ಸರಿಸಲು ಜಾಗವೇ ಇಲ್ಲದ ದೋಣಿಗೆ ಜ್ಯಾಕ್ ಪ್ಲೇಟೇ ಬೇಡ.

ಪ್ಲೇಟ್ ಕೊಳ್ಳುವ ಮೊದಲು ಟ್ರಾನ್ಸಮ್ಮನ್ನು ಸುತ್ತಿಗೆಯ ಹಿಡಿಯಿಂದ ಅಲ್ಲಲ್ಲಿ ತಟ್ಟಿ ನೋಡಬೇಕು. ಗಟ್ಟಿ ಸದ್ದು ಬಂದರೆ ಸರಿ, ಡಬ್ ಡಬ್ ಅಂದರೆ ಒಳಗಿನ ಪ್ಲೈವುಡ್ ನೀರು ಕುಡಿದು ಕೊಳೆತಿದೆ. ಹಳೆಯ ಬೋಲ್ಟ್ ತೂತಿಗೆ ತಂತಿ ಹಾಕಿ ಕೆದಕಿದಾಗ ಕಪ್ಪು ಪುಡಿ ಬಂದರೂ ಅದೇ ಅರ್ಥ. ಮೋಟರ್ ಹಿಂದೆ ಸರಿದಾಗ ಮೇಲಿನ ಎರಡು ಬೋಲ್ಟುಗಳ ಮೇಲೆ ಎಳೆತ ಜೋರಾಗುತ್ತದೆ, ಕೊಳೆತ ಹಲಗೆ ತಾಳುವುದಿಲ್ಲ. ಅರ್ಧ ಇಂಚಿನ ಸ್ಟೇನ್‌ಲೆಸ್ ಬೋಲ್ಟ್ ನಾಲ್ಕು, ಲಾಕ್ ನಟ್, ಒಳಬದಿಗೆ 6 ಮಿ.ಮೀ. ಅಲ್ಯೂಮಿನಿಯಂ ತಗಡು, ತೂತಿನ ಒಳಮೈಗೆಲ್ಲ ತಾಗುವಂತೆ ಮರೀನ್ ಪಾಲಿಯುರಥೇನ್ ಸೀಲೆಂಟ್. ಬಾತ್‌ರೂಮ್ ಸಿಲಿಕಾನ್ ಇಲ್ಲಿ ನಿಲ್ಲುವುದಿಲ್ಲ.

ಎತ್ತರದ ಅಳತೆಗೆ ಗಾರೆ ಕೆಲಸದವರ ಆರಡಿ ಅಲ್ಯೂಮಿನಿಯಂ ಪಟ್ಟಿ ಸಾಕು. ದೋಣಿ ಟ್ರೇಲರ್ ಮೇಲಿರುವಾಗ ಪಟ್ಟಿಯನ್ನು ತಳದ ನಡುಗೆರೆಗೆ ಒತ್ತಿ ಹಿಡಿದು ಮೋಟರ್ ತನಕ ಹಿಂದಕ್ಕೆ ಚಾಚಿ. ಪ್ರೊಪೆಲ್ಲರ್ ಮೇಲಿನ ಕ್ಯಾವಿಟೇಶನ್ ಪ್ಲೇಟ್ ಪಟ್ಟಿಗೆ ಸಮಾನಾಂತರವಾಗುವಂತೆ ಟ್ರಿಮ್ ಮಾಡಿ, ಅಂದರೆ ಮೋಟರಿನ ಓರೆಯನ್ನು ಹೊಂದಿಸಿ. ಸೆಟ್‌ಬ್ಯಾಕ್ ಇಲ್ಲದಿದ್ದಾಗ ಅದು ತಳದ ಮಟ್ಟಕ್ಕೇ ಇರುತ್ತದೆ. ಪ್ರತಿ 8 ಇಂಚು ಸೆಟ್‌ಬ್ಯಾಕ್‌ಗೆ ಒಂದು ಇಂಚು ಎತ್ತರ ಎಂಬ ಲೆಕ್ಕದಿಂದ ಶುರು ಮಾಡಿ: 4ಕ್ಕೆ ಅರ್ಧ, 6ಕ್ಕೆ ಮುಕ್ಕಾಲು ಇಂಚು. ಅಲ್ಲಿಂದ ಕಾಲು ಕಾಲು ಇಂಚು ಏರಿಸುತ್ತ ಹೋಗಬೇಕು.

ಇನ್ನು ಪ್ರೊಪೆಲ್ಲರ್. ಗೊರೂರಿನ ಹೇಮಾವತಿ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 2922 ಅಡಿ. ಸಾವಿರ ಅಡಿಗೆ ಸುಮಾರು ಶೇ. 3ರಷ್ಟು ಶಕ್ತಿ ಇಳಿಯುತ್ತದೆ, ಮಂಗಳೂರಿನ 40 ಎಚ್‌ಪಿ ಇಲ್ಲಿ 36–37 ಅಷ್ಟೇ. ಸೆಟ್‌ಬ್ಯಾಕ್ ಹಾಕಿದ ದೋಣಿ ಮೂತಿ ಎತ್ತಿ ಪ್ಲೇನ್‌ಗೆ, ಅಂದರೆ ನೀರಿನ ಮೇಲ್ಮೈ ಮೇಲೆ ಜಾರುವ ಸ್ಥಿತಿಗೆ, ಬರುವ ಹೊತ್ತಿನಲ್ಲೇ ಈ ಕೊರತೆ ಕಾಡುವುದು. ಕರಾವಳಿಯಲ್ಲಿ ಹಾಕುವ ಪ್ರೊಪೆಲ್ಲರ್‌ಗಿಂತ ಒಂದು ಇಂಚು ಕಡಿಮೆ ಪಿಚ್ (ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ) ಇರುವುದನ್ನು ಹಾಕಿದರೆ ಆರ್‌ಪಿಎಂ ಸುಮಾರು 150–200 ಏರುತ್ತದೆ. ಫುಲ್ ಥ್ರಾಟಲ್‌ನಲ್ಲಿ ಮೋಟರ್ ಕೈಪಿಡಿ ಹೇಳುವ ಮಿತಿಯೊಳಗೆ, ಅದರ ಮೇಲ್ತುದಿಯ ಹತ್ತಿರ ನಿಲ್ಲಬೇಕು.

ಪರೀಕ್ಷೆಗೆ ಗಾಳಿಯಿಲ್ಲದ ಬೆಳಗಿನ ಹೊತ್ತೇ ಆಗಬೇಕು, ಮುಂಗಾರಿನ ಗಾಳಿಯಲ್ಲಿ ಅಂಕಿಗಳಿಗೆ ಅರ್ಥವಿಲ್ಲ. ಅದೇ ಇಬ್ಬರು, ಅದೇ ಅರ್ಧ ಟ್ಯಾಂಕ್. ಮೊಬೈಲ್ ಜಿಪಿಎಸ್‌ನಲ್ಲಿ ಹೋಗುವಾಗ ಒಂದು, ಬರುವಾಗ ಒಂದು ಓದು ತೆಗೆದು ಸರಾಸರಿ ಹಾಕಿ. ಪ್ಲೇನ್‌ಗೆ ಬರಲು ಎಷ್ಟು ಸೆಕೆಂಡ್ ಬೇಕಾಯಿತೆಂದೂ ಬರೆದಿಡಿ. ಪ್ಲೇನ್ ಆದ ಮೇಲೆ ಜೊತೆಯವರು ಹಿಂದೆ ನೋಡಲಿ: ಕ್ಯಾವಿಟೇಶನ್ ಪ್ಲೇಟ್ ಮೇಲೆ ನೀರು ತೆಳುವಾಗಿ ಸವರಿ ಹೋಗುತ್ತಿದ್ದರೆ ಎತ್ತರ ಸರಿ. ಪ್ಲೇಟ್ ನೀರಲ್ಲಿ ಹೂತು ಹಿಂದೆ ಕಾರಂಜಿ ಹಾರಿದರೆ ಇನ್ನೂ ಎತ್ತರಿಸಬಹುದು.

ತಿರುವಿನಲ್ಲಿ ಮೋಟರ್ ಕಿರುಚಿ ದೋಣಿ ಮುಂದೆ ಹೋಗದಿದ್ದರೆ ಪ್ರೊಪೆಲ್ಲರ್ ಗಾಳಿ ಹಿಡಿದಿದೆ, ಕಾಲು ಇಂಚು ಇಳಿಸಿ. ಮೂತಿ ಏರಿ ಇಳಿದು ಕುಕ್ಕುತ್ತಿದ್ದರೆ ಮೊದಲು ಟ್ರಿಮ್ ಒಳಕ್ಕೆ, ಅಂದರೆ ಮೋಟರಿನ ಕೆಳತುದಿಯನ್ನು ದೋಣಿಯ ಕಡೆಗೆ, ತನ್ನಿ, ಆಮೇಲೆ ಭಾರ ಮುಂದಕ್ಕೆ ಸರಿಸಿ. ಅದಕ್ಕೂ ಬಗ್ಗದಿದ್ದರೆ ಸೆಟ್‌ಬ್ಯಾಕ್ ಹೆಚ್ಚಾಗಿದೆ. ತಣಿಸುವ ನೀರು ಹೊರಬೀಳುವ ಧಾರೆ ತೆಳುವಾದರೆ ವೇಗ ಎಷ್ಟೇ ಚೆನ್ನಾಗಿದ್ದರೂ ಕೂಡಲೇ ನಿಲ್ಲಿಸಬೇಕು. ನೀರು ಎಳೆಯುವ ರಂಧ್ರಗಳು ಮೇಲಕ್ಕೆ ಬಂದಿರಬಹುದು, ಇಲ್ಲವೇ ಹಿನ್ನೀರಿನ ಜೊಂಡು ಮೆತ್ತಿಕೊಂಡಿರಬಹುದು. ರಂಧ್ರ ಶುಚಿಯಾಗಿದ್ದೂ ಧಾರೆ ಸಣಕಲಾಗಿದ್ದರೆ ಇಂಪೆಲ್ಲರ್ (ತಣಿಸುವ ನೀರಿನ ಪಂಪಿನ ರಬ್ಬರ್ ಚಕ್ರ) ಬಿಚ್ಚಿ ನೋಡಿ. ನಿಜವಾದ ಒತ್ತಡ ತಿಳಿಯಲು ವಾಟರ್ ಪ್ರೆಷರ್ ಗೇಜ್ ಹಾಕಿಸುವುದೇ ಮೇಲು.

ಸ್ಟೀರಿಂಗ್, ಗೇರ್, ಥ್ರಾಟಲ್ ಕೇಬಲ್‌ಗಳು ಮತ್ತು ಪೆಟ್ರೋಲ್ ಪೈಪು 6 ಇಂಚಿಗೆ ಸಾಲದೆ ಬಿಗಿಯಬಹುದು. ಮೋಟರನ್ನು ಪೂರ್ತಿ ಮೇಲಕ್ಕೆ ಟಿಲ್ಟ್ ಮಾಡಿ ಎಡತುದಿಯಿಂದ ಬಲತುದಿಗೆ ತಿರುಗಿಸಿ ನೋಡದೆ ನೀರಿಗಿಳಿಸಬೇಡಿ. ಮೊದಲ ಓಟದ ನಂತರ ನಾಲ್ಕೂ ಬೋಲ್ಟುಗಳನ್ನು ಮತ್ತೆ ಬಿಗಿಯಬೇಕು.