ರೂಟರ್‌ಗೆ ಹಾರ್ಡ್ ಡಿಸ್ಕ್ ಹಾಕಿ, ಮನೆಮಂದಿಯೆಲ್ಲ ಬಳಸಿ

ನಿಮ್ಮ ವೈಫೈ ರೂಟರ್‌ನ ಹಿಂಬದಿಯಲ್ಲಿ ಯುಎಸ್‌ಬಿ ಪೋರ್ಟ್ ಇದೆಯೇ ನೋಡಿ. ಬಹಳ ಮನೆಗಳಲ್ಲಿ ಅದು ಇದ್ದೂ ಖಾಲಿ ಬಿದ್ದಿರುತ್ತದೆ. ಅಲ್ಲಿಗೊಂದು ಹಾರ್ಡ್ ಡಿಸ್ಕ್ ಸಿಕ್ಕಿಸಿದರೆ ಮನೆಯ ಫೋನು, ಲ್ಯಾಪ್‌ಟಾಪು, ಟಿವಿ ಎಲ್ಲವೂ ಅದರಲ್ಲಿರುವ ಫೈಲ್‌ಗಳನ್ನು ತೆರೆಯಬಲ್ಲವು. ನಾಮಕರಣದ ಫೋಟೊ ಯಾರ ಫೋನಿನಲ್ಲಿದೆ, ಪಹಣಿಯ ಸ್ಕ್ಯಾನ್ ಎಲ್ಲಿಟ್ಟಿದ್ದೆವು ಎಂದು ತಡಕಾಡಬೇಕಿಲ್ಲ.

ಮೊದಲು ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ, ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಫೈಲ್ ಸಿಸ್ಟಮ್ (ಡಿಸ್ಕ್ ಫೈಲ್‌ಗಳನ್ನು ಜೋಡಿಸಿಡುವ ವಿಧಾನ) ಯಾವುದೆಂದು ನೋಡಿಕೊಳ್ಳಿ. ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಫೈಲ್ ಅದರಲ್ಲಿ ಹಿಡಿಸುವುದಿಲ್ಲ. ಉದ್ದನೆಯ ಮದುವೆ ವಿಡಿಯೊ ಕಾಪಿ ಆಗದಿರಲು ಸಾಮಾನ್ಯವಾಗಿ ಇದೇ ಕಾರಣ. ಎನ್‌ಟಿಎಫ್‌ಎಸ್‌ಗೆ ಈ ತೊಡಕಿಲ್ಲ. ಎಕ್ಸ್‌ಫ್ಯಾಟ್ ಕೂಡ ಒಳ್ಳೆಯದೇ, ಆದರೆ ಎಲ್ಲ ರೂಟರ್‌ಗಳೂ ಅದನ್ನು ಓದುವುದಿಲ್ಲ. ಫೈಲ್ ಸಿಸ್ಟಮ್ ಬದಲಿಸಲು ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೆ ಒಳಗಿದ್ದುದೆಲ್ಲ ಹೋಗುತ್ತದೆ, ಹಾಗಾಗಿ ಮೊದಲೇ ಬೇರೆಡೆ ಕಾಪಿ ಮಾಡಿಟ್ಟುಕೊಳ್ಳಿ.

ಡಿಸ್ಕ್ ಹಾಕಿದಾಗ ಟಕ್ ಟಕ್ ಸದ್ದು ಬಂದು ಮತ್ತೆ ಮತ್ತೆ ನಿಂತುಹೋದರೆ ಅದಕ್ಕೆ ಕರೆಂಟ್ ಸಾಲುತ್ತಿಲ್ಲದಿರಬಹುದು. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪಿಯರ್, 3.0 ಆದರೆ 900. ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ನಡುವೆ ಹಾಕಿ ನೋಡಿ. ಡಿಸ್ಕನ್ನು ರೂಟರ್‌ನ ಆಂಟೆನಾಕ್ಕೆ ಒತ್ತಿಕೊಂಡಂತೆ ಇಡಬೇಡಿ: ಯುಎಸ್‌ಬಿ 3.0 ಓಡುವಾಗ 2.4 ಗಿಗಾಹರ್ಟ್ಸ್ ವೈಫೈಗೆ ಅಡ್ಡಿಯಾಗುತ್ತದೆ.

ಇನ್ನು ಸೆಟ್ಟಿಂಗ್. ರೂಟರ್‌ನ ತಳದ ಚೀಟಿಯಲ್ಲಿ ವಿಳಾಸ ಇರುತ್ತದೆ, ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಅದನ್ನು ಬ್ರೌಸರ್‌ನಲ್ಲಿ ಟೈಪ್ ಮಾಡಿ ಲಾಗಿನ್ ಆಗಿ. ಯುಎಸ್‌ಬಿ ಅಥವಾ ಸ್ಟೋರೇಜ್ ಶೇರಿಂಗ್ ಎಂಬ ವಿಭಾಗದಲ್ಲಿ ಡಿಸ್ಕ್‌ನ ಹೆಸರು, ಖಾಲಿ ಜಾಗ ಕಾಣಿಸಬೇಕು. ಅಲ್ಲಿ ಸಾಂಬಾ ಅಥವಾ ಎಸ್‌ಎಂಬಿ (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳುವ ವ್ಯವಸ್ಥೆ) ಆನ್ ಮಾಡಿ, ಯೂಸರ್ ನೇಮ್, ಪಾಸ್‌ವರ್ಡ್ ಕೊಡಿ. ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶ ಇದ್ದರೆ ಮುಚ್ಚಿಬಿಡಿ. ಫೈಲ್ ಕಳಿಸುವ ಇನ್ನೊಂದು ವಿಧಾನವಾದ ಎಫ್‌ಟಿಪಿಯನ್ನು ಇಂಟರ್‌ನೆಟ್‌ಗೆ ತೆರೆಯುವ ಆಯ್ಕೆಯನ್ನಂತೂ ಮುಟ್ಟಲೇಬೇಡಿ, ಮನೆಯ ದಾಖಲೆಪತ್ರ ಊರಿಗೆಲ್ಲ ಕಾಣುವಂತಾದೀತು. ಕೆಲವು ಹಳೆಯ ರೂಟರ್‌ಗಳಿಗೆ ಎಸ್‌ಎಂಬಿಯ ಮೊದಲ ಆವೃತ್ತಿ ಮಾತ್ರ ಗೊತ್ತು. 2017ರಲ್ಲಿ ವಾನಾಕ್ರೈ ವೈರಸ್ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಹಬ್ಬಿದ್ದು ಅದೇ ಆವೃತ್ತಿಯ ದೋಷದಿಂದ. ಅಂಥ ರೂಟರ್‌ಗಾಗಿ ಕಂಪ್ಯೂಟರಿನಲ್ಲಿ ಹಳೆಯ ಆವೃತ್ತಿಯನ್ನು ಮತ್ತೆ ಆನ್ ಮಾಡುವುದು ಬೇಡ.

ವಿಂಡೋಸ್‌ನಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು, ಮೇಲಿನ ಪಟ್ಟಿಯಲ್ಲಿ \\192.168.1.1 ಎಂದು, ಅಂದರೆ ನಿಮ್ಮ ರೂಟರ್‌ನ ವಿಳಾಸವನ್ನು ಹಾಕಿ ಎಂಟರ್ ಒತ್ತಿ. ಐಫೋನ್‌ನ ಫೈಲ್ಸ್ ಆ್ಯಪ್‌ನಲ್ಲಿ ಕನೆಕ್ಟ್ ಟು ಸರ್ವರ್ ಎಂಬುದಿದೆ. ಆ್ಯಂಡ್ರಾಯ್ಡ್‌ನಲ್ಲಿ ನೆಟ್‌ವರ್ಕ್ ಸ್ಟೋರೇಜ್ ಇರುವ ಫೈಲ್ ಮ್ಯಾನೇಜರ್ ಬೇಕು.

ಫೋಲ್ಡರ್‌ಗೆ ಹೆಸರಿಡುವಾಗ ಇಸವಿ ಮೊದಲು ಬರಲಿ: ‘2023-05 ಗೃಹಪ್ರವೇಶ’ ಅಂದರೆ ಎಲ್ಲವೂ ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಕೆಲವು ರೂಟರ್‌ಗಳಲ್ಲಿ ಕನ್ನಡದ ಹೆಸರು ಬರೀ ಪ್ರಶ್ನಾರ್ಥಕ ಚಿಹ್ನೆಯಾಗಿ ಕಾಣುವುದುಂಟು. ಒಂದು ಫೋಲ್ಡರ್ ಮಾಡಿ ಪರೀಕ್ಷಿಸಿಯೇ ಮುಂದುವರಿಯಿರಿ.

ಡಿಸ್ಕ್ ತೆಗೆಯುವಾಗ ದಯವಿಟ್ಟು ಸುಮ್ಮನೆ ಕಿತ್ತುಬಿಡಬೇಡಿ. ಕಾಪಿ ಮುಗಿಯಿತೆಂದು ಪರದೆ ಹೇಳಿದರೂ ಸ್ವಲ್ಪ ಭಾಗ ಇನ್ನೂ ರೂಟರ್‌ನ ಮೆಮೊರಿಯಲ್ಲೇ ಇರಬಹುದು. ಸೆಟ್ಟಿಂಗ್ ಪುಟದಲ್ಲಿ ಸೇಫ್ಲಿ ರಿಮೂವ್ ಒತ್ತಿ, ಆಮೇಲೆ ಎಳೆಯಿರಿ. ಕರೆಂಟ್ ಹೋದಾಗಲೂ ಇದೇ ಅಪಾಯ. ಪದೇ ಪದೇ ವಿದ್ಯುತ್ ಕೈಕೊಡುವ ಊರಾದರೆ ರೂಟರ್‌ಗೊಂದು ಮಿನಿ ಯುಪಿಎಸ್ ಹಾಕಿಸುವುದು ಲೇಸು.

ಕೊನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಹೀಗೆ ನೆಟ್‌ವರ್ಕ್ ಮೂಲಕ ಅಳಿಸಿದ ಫೈಲ್ ಸಾಮಾನ್ಯವಾಗಿ ಕಂಪ್ಯೂಟರಿನ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ, ನೇರವಾಗಿ ಮಾಯವಾಗುತ್ತದೆ. ಆದ್ದರಿಂದ ಟಿವಿಗೆ, ಮಕ್ಕಳ ಫೋನಿಗೆ ನೋಡುವ ಅನುಮತಿ ಮಾತ್ರ ಇರುವ ಬೇರೆ ಯೂಸರ್ ಮಾಡಿಕೊಡಿ. ತಿಂಗಳಿಗೊಮ್ಮೆ ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ, ಅದನ್ನು ಬಿಚ್ಚಿ ಬೀರುವಿನಲ್ಲಿಡಿ.